ವಸಂತಿ ನೀರಿಗಿಳಿದ ಬೇಸಿಗೆ

ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ರಾಜಾಜಿನಗರದ ಬೀದಿಯಲ್ಲಿ ಹುಟ್ಟಿ ಬೆಳೆದವಳು ವಸಂತಿ. ಅವಳ ಪಾಲಿಗೆ ನೀರೆಂದರೆ ತುಂಬಿಡಬೇಕಾದ ಪದಾರ್ಥ. ಡ್ರಮ್ಮು, ಬಕೆಟ್ಟು, ಕೊಡ ಎಲ್ಲ ತುಂಬಿದ ಮೇಲೂ ನಲ್ಲಿ ಸುರಿಯುತ್ತಿದ್ದರೆ ಅವರಮ್ಮ ಕುಕ್ಕರಿಗೂ ಹಿಡಿದಿಡುತ್ತಿದ್ದರು. ಅಂಥ ನೀರಿನೊಳಗೆ ಇಳಿದು ಕೈಕಾಲು ಬಡಿಯುವುದೆಂದರೆ ಹೆಚ್ಚುಕಡಿಮೆ ಅನ್ನದ ಮೇಲೆ ಕುಣಿದ ಹಾಗೆ. ಹಾಗಾಗಿ ನಲವತ್ತು ಹತ್ತಿರ ಬಂದರೂ ತನಗೆ ಈಜು ಬರುವುದಿಲ್ಲ ಎಂಬುದು ಅವಳಿಗೆ ಒಂದು ಕೊರತೆ ಅನ್ನಿಸಿರಲೇ ಇಲ್ಲ.

ಗಂಡ ರಾಜಗೋಪಾಲನಿಗೆ ಸ್ವೀಡನ್ನಿನ ಶೋವ್ಡೆ ಊರಿನಲ್ಲಿ ಕೆಲಸ ಸಿಕ್ಕಿ ಇಬ್ಬರೂ ಅಲ್ಲಿಗೆ ಹೋದಾಗ ಅವಳು ಮೊದಲು ಮಾಡಿದ್ದು ಭಾಷೆ ಕಲಿತದ್ದು. ಬೆಂಗಳೂರಿನಲ್ಲಿ ನರ್ಸರಿ ಟೀಚರಾಗಿದ್ದವಳು, ಇಲ್ಲಿ ಡಾಗಿಸ್ ಅನ್ನುವ ಶಿಶುವಿಹಾರದಲ್ಲಿ ಸಹಾಯಕಿಯಾದಳು. ಮಕ್ಕಳಿಗೆ ಮೂಗು ಒರೆಸುವುದಕ್ಕೆ ವ್ಯಾಕರಣ ಬೇಕಿಲ್ಲವಲ್ಲ ಎಂದು ತನ್ನ ಒಡಕು ಸ್ವೀಡಿಶ್‌ನಲ್ಲೇ ಎಲ್ಲರನ್ನೂ ಗೆದ್ದುಕೊಂಡಳು.

2016ರ ಬೇಸಿಗೆಯಲ್ಲಿ ಅವಳನ್ನು ಕ್ಯಾಂಪಿನ ಕೆಲಸಕ್ಕೆ ಹಚ್ಚಿದ್ದು ಕೆಳಗಿನ ಮನೆಯ ಕುಮುದಾ. ನಾಲ್ಕು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಬಂದ ಹುಡುಗಿ, ಈಗ ಊರಿನ ವಿಶ್ವವಿದ್ಯಾಲಯದಲ್ಲಿ ಓದುತ್ತ, ರಜೆಯಲ್ಲಿ ಮಕ್ಕಳ ಬೇಸಿಗೆ ಶಿಬಿರದಲ್ಲಿ ಈಜು ಕಲಿಸುತ್ತಿದ್ದಳು. ಊರಾಚೆ ಕಾಡಿನ ನಡುವೆ ಒಂದು ಸರೋವರ. ಅದರ ದಡದಲ್ಲಿ ಎರಡು ವಾರದ ಶಿಬಿರ. ಮಕ್ಕಳು ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಮನೆಗೆ ಬರುವುದು.

"ನಂಗೆ ಸ್ವಿಮ್ಮಿಂಗ್ ಬರಲ್ವಲ್ಲ ಕಣೇ," ಎಂದಳು ವಸಂತಿ.

"ಡೋಂಟ್ ವರಿ ಆಂಟಿ. ನೀವು ದಡದಲ್ಲಿರಿ. ದಡದಲ್ಲೂ ಯಾರಾದ್ರೂ ಬೇಕಲ್ಲ," ಎಂದಳು ಕುಮುದಾ.

ದಡದಲ್ಲಿ ಯಾರು ಬೇಕು, ಯಾಕೆ ಬೇಕು ಎಂಬುದು ಮೊದಲ ದಿನವೇ ಗೊತ್ತಾಯಿತು. ಶಿಬಿರದ ಮುಖ್ಯಸ್ಥೆ ಗುನಿಲ್ಲಾ, ಕತ್ತಿನಲ್ಲಿ ಸದಾ ಸೀಟಿ ನೇತುಹಾಕಿಕೊಂಡಿರುತ್ತಿದ್ದ ನಿವೃತ್ತ ವ್ಯಾಯಾಮ ಶಿಕ್ಷಕಿ. ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಇನ್ನೂರು ಮೀಟರ್ ಈಜುವ ಪರೀಕ್ಷೆ ಇಟ್ಟಳು. ಪಾಸಾದವರಿಗೆ ಕನೂ, ಅಂದರೆ ತುಸು ವಾಲಿದರೂ ಮಗುಚುವ ಉದ್ದನೆಯ ಕಿರುದೋಣಿ. ಆಗದವರಿಗೆ ಪೈನ್ ಮರದ ಕೆಳಗೊಂದು ಮೇಜು, ಮೇಜಿನ ಮೇಲೆ ಮಣಿ ಪೋಣಿಸುವ ಡಬ್ಬಿಗಳು, ಜೊತೆಗೆ ವಸಂತಿ.

ಎರಡು ದಿನ ಅವಳು ಖುಷಿಯಾಗೇ ಇದ್ದಳು. ಮಣಿ ಪೋಣಿಸಿದರು, ಕುಂಟೆಬಿಲ್ಲೆ ಆಡಿದರು, ಸೊಮಾಲಿಯಾದಿಂದ ಬಂದ ಯೂಸುಫ್ ಎಂಬ ಹುಡುಗ ಕುಂಟೆಬಿಲ್ಲೆಯಲ್ಲಿ ಅವಳನ್ನೇ ಸೋಲಿಸಿದ. ಆದರೆ ಮಕ್ಕಳ ಕಣ್ಣು ಮಾತ್ರ ನೀರಿನ ಕಡೆಗೇ. ಕನೂಗಳಿಂದ ಕೇಕೆ ಕೇಳಿದಾಗಲೆಲ್ಲ ಮೇಜಿನ ಸುತ್ತ ಕೈಗಳು ನಿಲ್ಲುತ್ತಿದ್ದವು.

ಮೂರನೆಯ ದಿನ ಊಟದ ಸಾಲಿನಲ್ಲಿ ಆಸ್ಕರ್ ಎಂಬ ಹುಡುಗ ಕೂಗಿದ: "ಜಾಗ ಬಿಡಿ, ಜಾಗ ಬಿಡಿ, ದಡದ ಏಡಿಗಳು ಬಂದವು!" ಎಲ್ಲರೂ ನಕ್ಕರು. ಯೂಸುಫ್ ಕೂಡ ನಕ್ಕ; ಕೈಯನ್ನು ಏಡಿಯ ಕೊಂಡಿಯಂತೆ ಮಾಡಿ ತೋರಿಸಿದ. ವಸಂತಿಯೂ ನಗುವವಳೇ. ಆದರೆ ಚಾರ್ವಿ ನಗಲಿಲ್ಲ.

ಚಾರ್ವಿ ವಸಂತಿ ಇದ್ದ ಕಟ್ಟಡದ್ದೇ ಮೂರನೆಯ ಮಹಡಿಯ ಹುಡುಗಿ. ಬೆಂಗಳೂರಿನಿಂದ ಬಂದು ವರ್ಷವೂ ಆಗಿರಲಿಲ್ಲ. ದಿನಾ ವಸಂತಿಯ ಪಕ್ಕದಲ್ಲೇ ಬಸ್ಸಿನಲ್ಲಿ ಕೂತು, ದಾರಿಯುದ್ದಕ್ಕೂ ವಟವಟ ಮಾತಾಡುವ ಹತ್ತು ವರ್ಷದ ಪೋರಿ. ಆವತ್ತು ಸಂಜೆ ಕಿಟಕಿಗೆ ಮುಖ ಮಾಡಿ ಕೂತಿದ್ದಳು.

"ನಾಳೆ ನಾನು ಬರಲ್ಲ ಆಂಟಿ. ಹೊಟ್ಟೆ ನೋವು."

"ನಾಳೆಯ ಹೊಟ್ಟೆನೋವು ಇವತ್ತೇ ಗೊತ್ತಾಗೋಯ್ತಾ?"

ಹುಡುಗಿ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದಳು. ಆಮೇಲೆ, "ಫ್ರೈಡೇ ಎಲ್ಲಾ ಐಲೆಂಡ್‌ಗೆ ಹೋಗ್ತಾರೆ. ಅಲ್ಲಿ ಬೆಂಕಿ ಹಾಕಿ ಪ್ಯಾನ್‌ಕೇಕ್ ಮಾಡ್ತಾರಂತೆ. ನಾವು ಮಾತ್ರ ಮತ್ತೆ ಬೀಡ್ಸ್ ಮಾಡ್ಬೇಕು. ನಂಗೆ ಬೀಡ್ಸ್ ಸಾಕಾಗಿದೆ ಆಂಟಿ. ಎಲ್ಲರಿಗೂ ಒಂದೊಂದು ಸರ ಆಗಿದೆ, ಅಜ್ಜಿಗೂ ಆಗಿದೆ," ಎಂದಳು.

ವಸಂತಿಗೆ ನಗು ಬಂತು, ಆದರೆ ಆ ಮಾತು ಅವಳ ಜೊತೆಗೇ ಬಸ್ಸಿಳಿಯಿತು. ಮನೆಗೆ ಬಂದು ರಾಜಗೋಪಾಲನಿಗೆ ಹೇಳಿದಳು.

"ಸೇಫ್ಟಿ ರೂಲ್ ಕಣೇ ಅದು. ರೂಲ್ ಎಲ್ಲರಿಗೂ ಒಂದೇ ಅಲ್ವಾ? ನೀನ್ಯಾಕೆ ತಲೆ ಹಾಕ್ತೀಯ?" ಎಂದ ಅವನು, ಚಪಾತಿ ಮಡಿಸುತ್ತ.

ರೂಲ್ ಎಲ್ಲರಿಗೂ ಒಂದೇ. ಅದೇ ಅವಳ ತಲೆಯಲ್ಲಿ ಗುಂಯ್‌ಗುಡತೊಡಗಿತು. ಮರುದಿನ ಮೇಜಿನ ಸುತ್ತ ಕೂತ ಮುಖಗಳನ್ನು ಅವಳು ಮೊದಲ ಸಲ ಸರಿಯಾಗಿ ನೋಡಿದಳು. ಸಿರಿಯಾದ ಅಕ್ಕತಂಗಿಯರು, ಯೂಸುಫ್, ಅಮ್ಮನ ಬಲವಂತಕ್ಕೆ ಬಂದಿದ್ದ ಚಾರ್ವಿ, ಮತ್ತೆ ಒಬ್ಬನೇ ಒಬ್ಬ ಸ್ವೀಡಿಶ್ ಹುಡುಗ ಲೀನುಸ್. ಅವನಮ್ಮ ಒಬ್ಬಳೇ ಎರಡೆರಡು ಪಾಳಿ ದುಡಿಯುವವಳು. ಈಜು ಶಾಲೆಗೆ ಕರೆದೊಯ್ಯಲು ಅವಳಿಗೆ ಪುರುಸೊತ್ತೆಲ್ಲಿ?

ಹತ್ತು ಗಂಟೆಯ ಫೀಕಾ ಹೊತ್ತಿಗೆ, ಅಂದರೆ ಕಾಫಿ ಬಿಡುವಿನಲ್ಲಿ, ವಸಂತಿ ಶಿಬಿರದ ಕೋಣೆಯಲ್ಲಿ ಗುನಿಲ್ಲಾಳ ಎದುರು ಕೂತಳು. ಮನಸ್ಸಿನಲ್ಲೇ ಕನ್ನಡದಲ್ಲಿ ಹತ್ತು ಸಲ ಉರು ಹೊಡೆದಿದ್ದ ಮಾತು ಸ್ವೀಡಿಶ್‌ನಲ್ಲಿ ಹೊರಡುವಾಗ ಕಾಲು ಮುರಿದುಕೊಂಡೇ ಹೊರಟಿತು.

"ಆ ಮಕ್ಕಳು ಶುಕ್ರವಾರ ದ್ವೀಪಕ್ಕೆ ಬರಬೇಕು," ಎಂದಳು.

"ಆಗುವುದಿಲ್ಲ. ಈಜು ಬಾರದ ಮಗುವನ್ನು ಕನೂ ಹತ್ತಿಸುವುದಿಲ್ಲ. ಅದರಲ್ಲಿ ನಾನು ಬಗ್ಗುವವಳಲ್ಲ," ಎಂದಳು ಗುನಿಲ್ಲಾ.

"ಬಗ್ಗಬೇಡಿ. ನನಗೂ ಅದೇ ಭಯ. ಒಂದು ಸಲ ಕಿಟಕಿ ಹತ್ತಿರ ಬನ್ನಿ."

ಇಬ್ಬರೂ ಕಿಟಕಿಯ ಬಳಿ ನಿಂತರು. ಆಚೆ ನೀರಿನ ಮೇಲೆ ಬಿಸಿಲಿಗೆ ಹೊಳೆಯುವ ಹೊಂಗೂದಲ ತಲೆಗಳು. ಈಚೆ ಮರದ ನೆರಳಲ್ಲಿ ಕಪ್ಪುಗೂದಲ ತಲೆಗಳು, ನಡುವೆ ಲೀನುಸ್.

ಗುನಿಲ್ಲಾಳ ಮುಖ ಕೆಂಪಾಯಿತು. "ನಾನು ಯಾರನ್ನೂ ಬಣ್ಣ ನೋಡಿ ಆರಿಸಿಲ್ಲ ವಸಂತಿ. ಮೂವತ್ತು ವರ್ಷದಿಂದ ಮಕ್ಕಳ ಜೊತೆ ಇದ್ದೇನೆ."

"ಗೊತ್ತು. ಯಾರೂ ಆರಿಸಿಲ್ಲ. ಆದರೂ ಆರಿಸಿದ ಹಾಗೇ ಆಗಿದೆ. ಅಷ್ಟೇ ಅಲ್ಲ, ಈಗ ಅವರಿಗೊಂದು ಹೆಸರೂ ಬಂದಿದೆ. ದಡದ ಏಡಿಗಳು."

ಗುನಿಲ್ಲಾ ಮತ್ತೊಮ್ಮೆ ಕಿಟಕಿಯಾಚೆ ಮರದ ನೆರಳಿನ ಕಡೆ ನೋಡಿದಳು. ವಸಂತಿ ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಗುನಿಲ್ಲಾ ಕಾಫಿ ಲೋಟ ಕೆಳಗಿಟ್ಟು, ಕುಮುದಾಳನ್ನು ಕೂಗಿ ಕರೆದು, ಶೆಡ್ಡಿನ ಬಾಗಿಲು ತೆಗೆಸಿದಳು. ಒಳಗೆ ಹುಟ್ಟು ಹಾಕುವ ಎರಡು ಹಳೆಯ ಅಗಲ ದೋಣಿಗಳು ಮಗುಚಿಕೊಂಡು ಮಲಗಿದ್ದವು. ಇವು ಕನೂವಿನಂತೆ ಹೊಯ್ದಾಡುವುದಿಲ್ಲ. ಪ್ರತಿ ದೋಣಿಗೂ ಚೆನ್ನಾಗಿ ಈಜಬಲ್ಲ ಇಬ್ಬರು ದೊಡ್ಡವರು, ಎಲ್ಲರಿಗೂ ಲೈಫ್ ಜಾಕೆಟ್. ಜೊತೆಗೆ ಇವತ್ತಿನಿಂದಲೇ ದಿನಾ ಸೊಂಟಮಟ್ಟದ ನೀರಿನಲ್ಲಿ ಈಜು ಪಾಠ.

"ಆದರೆ ಒಂದು ಮಾತು," ಎಂದಳು ಗುನಿಲ್ಲಾ. "ಆ ಮಕ್ಕಳು ನಿನ್ನನ್ನು ನಂಬಿದ್ದಾರೆ. ನೀನು ದಡದಲ್ಲಿ ನಿಂತರೆ ಅವರೂ ಅಲ್ಲೇ ನಿಲ್ಲುತ್ತಾರೆ. ನೀನೂ ನೀರಿಗೆ ಇಳಿಯಬೇಕು."

ಇದನ್ನು ವಸಂತಿ ಉರು ಹೊಡೆದಿರಲಿಲ್ಲ.

ಆವತ್ತು ಮಧ್ಯಾಹ್ನ ಲೆಗ್ಗಿಂಗ್ಸ್, ಅದರ ಮೇಲೆ ಕುಮುದಾ ಕೊಟ್ಟ ಟೀ ಶರ್ಟು ತೊಟ್ಟು ಅವಳು ನೀರಿಗೆ ಕಾಲಿಟ್ಟಳು. ಜೂನ್ ತಿಂಗಳ ಸ್ವೀಡಿಶ್ ನೀರು. "ಅಮ್ಮಾ!" ಎಂದು ಅವಳು ಕೂಗಿದ್ದು ಆಚೆ ದಡದವರೆಗೂ ಕೇಳಿಸಿತಂತೆ. ಚಾರ್ವಿ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ತಾನೂ ಇಳಿದಳು, ಹಿಂದೆ ಲೀನುಸ್, ಆಮೇಲೆ ಅಕ್ಕತಂಗಿಯರು.

"ಮಲಗಿ ಆಂಟಿ, ಮಲಗಿ. ಸೋಫಾ ಮೇಲೆ ಮಲಗ್ತೀರಲ್ಲ, ಹಾಗೆ," ಎಂದಳು ಕುಮುದಾ, ಬೆನ್ನಿಗೆ ಕೈಯಾಸರೆ ಕೊಟ್ಟು.

"ಸೋಫಾ ಕೆಳಗೆ ನೆಲ ಇರತ್ತೆ ಕಣೇ!"

"ಇಲ್ಲೂ ಇದೆ. ಸೊಂಟದಷ್ಟು ನೀರು. ಕತ್ತು ಲೂಸ್ ಬಿಡಿ."

ಕತ್ತು ಬಿಡುವುದಕ್ಕೆ ಎರಡು ದಿನ ಹಿಡಿಯಿತು. ಕಿವಿಗೆ ನೀರು ತುಂಬಿ ಲೋಕವೆಲ್ಲ ಸದ್ದಡಗಿದಾಗ, ಮೇಲೆ ಆಕಾಶ ಒಂದೇ ಇದ್ದಾಗ, ಬೆನ್ನ ಕೆಳಗೆ ಕುಮುದಾಳ ಕೈ ಇಲ್ಲವೆಂದು ಅವಳಿಗೆ ಗೊತ್ತಾಯಿತು. ಗೊತ್ತಾದ ಕ್ಷಣವೇ ಮುಳುಗಿ, ಕೆಮ್ಮುತ್ತ ಎದ್ದು, "ಆಯ್ತಲ್ಲೇ! ತೇಲಿದ್ನಲ್ಲೇ!" ಎಂದು ಕುಣಿದಳು. ಆಸ್ಕರನಿಗೂ ಅವನ ಗೆಳೆಯರಿಗೂ ಗುನಿಲ್ಲಾ ಏನು ಹೇಳಿದಳೋ, ಬಾಗಿಲು ಹಾಕಿಕೊಂಡು ಹೇಳಿದಳು. ಮರುದಿನ ಆಸ್ಕರ್ ಬಂದು ತಲೆ ತಗ್ಗಿಸಿಕೊಂಡು ಎಲ್ಲರೆದುರು ಕ್ಷಮೆ ಕೇಳಿದ. ಸುಮ್ಮನೆ ನಿಲ್ಲಲಾರದೆ ಲೀನುಸನಿಗೆ ಕಾಲು ಬಡಿಯುವುದನ್ನು ಹೇಳಿಕೊಡತೊಡಗಿದ. ಯೂಸುಫ್ ಮಾತ್ರ ಮೊಣಕಾಲಿನ ಆಚೆ ಇಳಿಯಲಿಲ್ಲ. ಅವನು ಸಮುದ್ರ ದಾಟಿ ಬಂದವನು, ಅದರ ಬಗ್ಗೆ ಮಾತಾಡುವುದಿಲ್ಲ ಎಂದು ಕುಮುದಾ ಮೆಲ್ಲಗೆ ಹೇಳಿದಳು. ಯಾರೂ ಅವನನ್ನು ಒತ್ತಾಯಿಸಲಿಲ್ಲ.

ದೋಣಿಗಳ ಬಿರುಕಿಗೆ ಡಾಂಬರು ಬಳಿದು ಒಣಗಿಸಬೇಕಿದ್ದರಿಂದ ದ್ವೀಪದ ಪ್ರಯಾಣ ಮುಂದಿನ ಮಂಗಳವಾರಕ್ಕೆ ಹೋಯಿತು. ಕನೂಗಳು ಸರ್ರನೆ ಮುಂದೆ ಹೋದವು. ಅಗಲ ದೋಣಿಗಳು ಎಮ್ಮೆಗಳ ಹಾಗೆ ಹಿಂದಿನಿಂದ ತೆವಳಿದವು. ಚಾರ್ವಿಯೂ ಲೀನುಸನೂ ಒಂದೊಂದು ಹುಟ್ಟು ಹಿಡಿದು ಒಬ್ಬರು ಆ ಕಡೆ, ಒಬ್ಬರು ಈ ಕಡೆ ಎಳೆದು ದೋಣಿಯನ್ನು ಗರಗರ ತಿರುಗಿಸಿದರು. ಯೂಸುಫ್ ತಾನೂ ಬರುತ್ತೇನೆಂದು ಕೊನೆಗಳಿಗೆಯಲ್ಲಿ ಹೇಳಿದ್ದ. ಒಂದರ ಮೇಲೊಂದು ಜಾಕೆಟ್ ಬೇಕೆಂದು ಹಟ ಹಿಡಿದದ್ದಕ್ಕೆ, ಒಂದನ್ನು ತೊಡಿಸಿ ಇನ್ನೊಂದನ್ನು ತೊಡೆಯ ಮೇಲೆ ಕೊಟ್ಟರು. ದಾರಿಯುದ್ದಕ್ಕೂ ಅವನು ವಸಂತಿಯ ಕೈ ಬಿಡಲಿಲ್ಲ.

ದ್ವೀಪದಲ್ಲಿ ಆಸ್ಕರ್ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದ. "ಎಷ್ಟು ನಿಧಾನ! ನಮಗೆ ಹಸಿವು!"

"ಹಿಟ್ಟು, ಮೊಟ್ಟೆ, ಬಾಣಲೆ ಎಲ್ಲ ನಮ್ಮ ದೋಣಿಯಲ್ಲೇ ಇದೆ," ಎಂದಳು ಚಾರ್ವಿ ಸ್ವೀಡಿಶ್‌ನಲ್ಲಿ, ಹುಟ್ಟನ್ನು ಒಳಗೆಳೆದುಕೊಳ್ಳುತ್ತ. "ಬೇಗ ಬೇಕಿದ್ದರೆ ಹಗ್ಗ ಹಿಡಿದು ಎಳಿ."

ಆಸ್ಕರ್ ಮೊಣಕಾಲುದ್ದ ನೀರಿಗಿಳಿದು ಎಳೆದ. ಅವನ ಹಿಂದೆ ಎಲ್ಲರೂ ಎಳೆದರು.

ಮುಂದಿನ ವರ್ಷದಿಂದ ಶಿಬಿರದ ಕ್ರಮವೇ ಬೇರೆಯಾಯಿತು. ಮೊದಲ ವಾರ ಎಲ್ಲ ಮಕ್ಕಳಿಗೂ ಈಜು, ಬರುವವರು ಬಾರದವರಿಗೆ ಜೊತೆ. ಎರಡನೆಯ ವಾರ ದೋಣಿ. ಗುಂಪುಗಳನ್ನು ಮಾಡುವಾಗ ಗುನಿಲ್ಲಾ ಒಮ್ಮೆ ಕಿಟಕಿಯ ಹತ್ತಿರ ಹೋಗಿ ನಿಂತು ನೋಡುವುದನ್ನು ರೂಢಿ ಮಾಡಿಕೊಂಡಳು. ಎಲ್ಲವೂ ಸರಿಹೋಯಿತು ಅನ್ನುವಂತಿಲ್ಲ. ಇನ್ನೊಂದು ಬೇಸಿಗೆಯಲ್ಲಿ ಹುಡುಗರೆಲ್ಲ ಸೌದೆ ಒಡೆಯಲು, ಹುಡುಗಿಯರೆಲ್ಲ ಪಾತ್ರೆ ತೊಳೆಯಲು ಹೋಗಿದ್ದನ್ನು ಚಾರ್ವಿಯೇ ಎತ್ತಿ ತೋರಿಸಬೇಕಾಯಿತು.

ವಸಂತಿ ಅಲ್ಲಿಗೇ ನಿಲ್ಲಿಸಲಿಲ್ಲ. ಚಳಿಗಾಲದಲ್ಲಿ ಊರಿನ ಈಜುಕೊಳದ ದೊಡ್ಡವರ ತರಗತಿಗೆ ಸೇರಿದಳು. 2018ರ ವಸಂತದಲ್ಲಿ ಇನ್ನೂರು ಮೀಟರ್ ಮುಗಿಸಿದ ದಿನ, ರಾಜಗೋಪಾಲ ಕೊಳದ ಪಕ್ಕದ ಬೆಂಚಿನಲ್ಲಿ ಕೂತು ಪೂರ್ತಿ ವೀಡಿಯೊ ಮಾಡಿದ. ಆಮೇಲೆ ನೋಡಿದರೆ ಅರ್ಧ ಅವನ ಹೆಬ್ಬೆರಳೇ ಬಂದಿತ್ತು.

ಅವಳು ಕೊಳದ ಅಂಚು ಹಿಡಿದು, ಏದುಸಿರು ಬಿಡುತ್ತ, ನೀರು ಒರೆಸಿಕೊಂಡು ಕರೆದಳು: "ಬನ್ನಿ, ಇಳೀರಿ. ನಾನು ಹಿಡ್ಕೋತೀನಿ."

"ನಾನಾ?" ರಾಜಗೋಪಾಲ ಕಾಲನ್ನು ಬೆಂಚಿನ ಕೆಳಕ್ಕೆ ಎಳೆದುಕೊಂಡ. "ನಿನ್ನ ಟವೆಲ್ ಯಾರು ನೋಡ್ಕೋತಾರೆ?"

"ಟವೆಲ್ ಯಾರೂ ಕದಿಯಲ್ಲ ರೀ. ಪ್ಯಾಂಟ್ ಮಡಿಸ್ಕೊಂಡು ಕಾಲಾದ್ರೂ ಬಿಡಿ."

ಅವನು ಆಚೀಚೆ ನೋಡಿ, ಪ್ಯಾಂಟನ್ನು ಮೆಲ್ಲಗೆ ಮೊಣಕಾಲಿನವರೆಗೆ ಮಡಿಸತೊಡಗಿದ.