ಹದಿನಾರು ಇಂಚು

ಸರ್ರ್, ಟಕ್! ಸ್ಟೀಲ್ ಟೇಪು ಸುತ್ತಿಕೊಂಡ ಸದ್ದು ಕೇಳಿತೆಂದರೆ ತಿಪ್ಪೇಸ್ವಾಮಿಯವರು ಹತ್ತಿರದಲ್ಲೇ ಎಲ್ಲೋ ಕೂರಲಿದ್ದಾರೆ ಎಂದರ್ಥ. ದೆಹಲಿಗೆ ಹೊಸ ಬಸ್ ತಂಗುದಾಣದ ವಿನ್ಯಾಸ ಆರಿಸುವ ಸಮಿತಿಗೆ ಅವರು ಗುಮಾಸ್ತರು. ಆ ಫೈಲು ಮೇಜಿಗೆ ಬಂದಾಗಿನಿಂದ ಮದುವೆಮನೆಯ ಕುರ್ಚಿಯಾಗಲಿ, ಹಲ್ಲಿನ ಡಾಕ್ಟರ ಬೆಂಚಾಗಲಿ, ಅಳೆಯದೆ ಕೂತವರಲ್ಲ. ಅಲ್ಲಿನ ರೋಹಿಣಿ ಬಡಾವಣೆಯಲ್ಲಿ ಮಾದರಿಗೆಂದು ನಿಲ್ಲಿಸಿದ ಮೂರು ತಂಗುದಾಣಗಳಿಗೆ ದಿನಾ ಹಾಜರು. "ಗಾಜು ಚೆಂದ, ದೀಪ ಚೆಂದ, ಸೀಟು ಮಾತ್ರ ಒಂಟೆಗೆ ಮಾಡಿಸಿದ್ದು. ಹದಿನಾರು ಇಂಚು ಎತ್ತರ ಸಾಕು!" ಎನ್ನುತ್ತಾರೆ. "ನಿಮ್ಮೂರಲ್ಲಿ ಎಲ್ಲರೂ ಗುಬ್ಬಚ್ಚಿಗಳೇ, ತಿಪ್ಪೇಸ್ವಾಮಿಜೀ?" ಎಂದು ಆರಡಿ ಎತ್ತರದ ಇಂಜಿನಿಯರ್ ಭಾಟಿಯಾ ನಗುತ್ತಾನೆ. ಆ ಅಳತೆ ಯಾವ ಪುಸ್ತಕದ್ದೂ ಅಲ್ಲ. ಇಡೀ ದಿನ ನಿಂತು ಪಾಠ ಹೇಳಿ ಬರುವ ಹೆಂಡತಿ ಸುಶೀಲಾ ಬಸ್ಸಿಗೆ ಕಾಯುತ್ತ ಕೂತರೆ, ಕಾಲು ನೆಲಕ್ಕೆ ಎಟುಕದೆ ಜೋಮು ಹಿಡಿಯುತ್ತದೆ. ಅದು ಆಕೆಯ ಕಾಲಿನ ಅಳತೆ. "ಮೂರನೆಯದರ ಸೀಟು ಇಳಿಸಿದ್ದೀನಿ. ಇನ್ನು ನಾಳೆ ಸಮಿತಿಯವರು ಒಪ್ಪಬೇಕಾದರೆ..." ಎಂದು ಇವತ್ತು ಭಾಟಿಯಾ ಹೇಳುತ್ತಿದ್ದಂತೆಯೇ, ಅಲ್ಲಿ ಕೂತ ಅಜ್ಜಿಯೊಬ್ಬರ ಎರಡೂ ಚಪ್ಪಲಿ ನೆಲ ಮುಟ್ಟಿದ್ದು ತಿಪ್ಪೇಸ್ವಾಮಿಯವರಿಗೆ ಕಂಡಿತು. ಯಾರಿಗೂ ಕೊಡದ ಟೇಪನ್ನು ಅವನ ಕೈಗಿತ್ತು, ಹೆಂಡತಿಯನ್ನು ಕರೆತರಲು ಮನೆ ಕಡೆ ನಡೆದೇಬಿಟ್ಟರು.