ಅಂಟಿನ ಕೋಣೆಯ ಜುಂಜಯ್ಯ

ಚಿತ್ರದುರ್ಗದ ನಮ್ಮ ಕಾಲೇಜಿನ ಹಿಂಬದಿಯ ಕೋಣೆಗೆ ೧೯೭೬ರಲ್ಲಿ ‘ಅಂಟಿನ ಕೋಣೆ’ ಎಂದೇ ಹೆಸರು. ಲಕೋಟೆಗೆ ಗೋಂದು ಬೇಕಾದವರೂ ಅಲ್ಲಿಗೆ ಹೋಗಿ ಬೈಸಿಕೊಂಡು ಬರುತ್ತಿದ್ದರು. ಅಲ್ಲಿ ಅಳೆಯುತ್ತಿದ್ದದ್ದು ಬೇರೆ ಅಂಟು. ಕ್ಯಾನ್ಸರಿನ ಜೀವಕೋಶಗಳು ಇದ್ದಲ್ಲೇ ಅಂಟಿಕೊಂಡು ಕುಳಿತಿದ್ದರೆ ಅರ್ಧ ಕಾಟ ಕಡಿಮೆ. ಕಿತ್ತುಕೊಂಡು ಹೊರಟವೋ, ಮೈಯೆಲ್ಲ ಹರಡುತ್ತವೆ. ಆ ಅಂಟು ಬಿಡಿಸುವುದರಲ್ಲಿ ಮೈಯೊಳಗಿನ ಕಿಣ್ವಗಳ ಕೈವಾಡವೆಷ್ಟು ಎಂಬುದು ರಾಮಗಿರಿಯ ಡಾಕ್ಟರ್ ಉಚ್ಚಂಗಮ್ಮನವರ ಪ್ರಶ್ನೆ. ಅವರು ಮದ್ದು ಕೊಡುವ ಡಾಕ್ಟರಲ್ಲ, ಪಾಠ ಹೇಳುವ ಡಾಕ್ಟರು.

ಅವರ ಸಹಾಯಕ ಜುಂಜಯ್ಯ, ಜವನಗೊಂಡನಹಳ್ಳಿ ಕಡೆಯ ಗೊಲ್ಲರ ಹಟ್ಟಿಯವನು. ನಲವತ್ತು ದಾಟಿದ ಮೇಲೆ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಜವಾನನಾಗಿ ಬಂದಿದ್ದ. ಕಿಣ್ವ ತೆಗೆಯಲು ಟಗರಿನ ವೃಷಣ ಬೇಕು. ಮಾಂಸದಂಗಡಿಯಲ್ಲಿ ಮುಟ್ಟಿ ನೋಡಿ ಒಳ್ಳೆಯದನ್ನೇ ಆರಿಸಿ ತರುವವನು ಅವನೊಬ್ಬನೇ. ಒಂದು ದಿನ ಸೂಕ್ಷ್ಮದರ್ಶಕಕ್ಕೆ ಸುಮ್ಮನೆ ಕಣ್ಣಿಟ್ಟವನು ಮೇಡಂಗಿಂತ ಬೇಗ ಎಣಿಸಿಬಿಟ್ಟ. ಪೊದೆಯ ಮರೆಯ ಮರಿಯನ್ನೂ ಬಿಡದ ಕಣ್ಣು ಅದು. ಅಂದಿನಿಂದ ಎಣಿಕೆ ಅವನ ಪಾಲಿಗೆ ಬಂತು.

ಇಲಿಯ ಗಡ್ಡೆಯಿಂದ ತೆಗೆದ ಜೀವಕೋಶಗಳನ್ನು ಗಾಜಿನ ಬಿಲ್ಲೆಗಳ ಮೇಲೆ ಕೂರಿಸುವುದು. ಅರ್ಧ ಬಿಲ್ಲೆಗಳಿಗೆ ಕಿಣ್ವ, ಅರ್ಧಕ್ಕೆ ಬರಿಯ ಉಪ್ಪುನೀರು. ಎಲ್ಲವನ್ನೂ ಒಂದೇ ಸಮ ಅಲುಗಿಸಿ ತೊಳೆದು, ಬಣ್ಣ ಹಾಕಿ, ಉಳಿದವನ್ನು ಚೌಕ ಚೌಕವಾಗಿ ಎಣಿಸುವುದು. ಜುಂಜಯ್ಯ ಹೇಳುತ್ತಿದ್ದ, ಮೇಡಂ ಬರೆದುಕೊಳ್ಳುತ್ತಿದ್ದರು. ಫಲ ದೊಡ್ಡದಾಗಿ ಕಂಡರೆ ಕೋಣೆ ಇನ್ನು ಮೂರು ವರ್ಷ ಅವರದು, ಇಲ್ಲವಾದರೆ ಆಟದ ಸಾಮಾನಿನದು ಎಂದು ಆಡಳಿತದವರು ಹೇಳಿಯಾಗಿತ್ತು.

ಫಲ ದೊಡ್ಡದಾಗಿಯೇ ಬಂತು. ನಾನು ಕಾಲೇಜು ಕಚೇರಿಯ ಟೈಪಿಸ್ಟು, ಕಾನ್ವೆಂಟಿನಲ್ಲಿ ಕಲಿತವಳೆಂದು ಕಾಲೇಜಿನ ಇಂಗ್ಲಿಷೆಲ್ಲ ನನ್ನ ಟೈಪ್‌ರೈಟರಿಗೇ ಬೀಳುತ್ತಿತ್ತು. ವರದಿಯ ಹನ್ನೆರಡು ಪುಟ ಟೈಪ್ ಮಾಡಿ ಒಯ್ದಾಗ ಮೇಡಂ ಹಿಗ್ಗಿನಲ್ಲಿದ್ದರು.

“ನೋಡಪ್ಪ ಜುಂಜಯ್ಯ, ಉಪ್ಪುನೀರಿನ ಬಿಲ್ಲೇಲಿ ಚೌಕಕ್ಕೆ ಮೂರು ಉಳಿದಾವೆ, ಕಿಣ್ವದ್ರಲ್ಲಿ ಒಂದೇ. ಮೂರರಲ್ಲಿ ಎರಡು ಕಿತ್ಕಂಡು ಹೋಗ್ಯಾವೆ!”

“ಒಂದೇ ಅಲ್ಲ ಅಮ್ಮಾರೆ, ಮೇಲೊಂದು ಐತೆ.”

“ನೀನೇ ಒಂದು ಅಂದ್ಯಲ್ಲೋ!”

“ಅಂದೆ. ನಾನು ಅಂದದ್ದರ ಮೇಲೆ ಒಂದು ನೀವು ಸೇರಿಸ್ಕಬೇಕಲ್ರಿ.”

ಅವರ ಹಟ್ಟಿಯಲ್ಲಿ ಮಂದೆಯ ಪೂರ್ತಿ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದಿಲ್ಲ, ದೃಷ್ಟಿಯಾಗುತ್ತದೆ. ಹೇಳುವವನು ಒಂದು ಬಿಡುತ್ತಾನೆ, ಕೇಳುವವನು ಮನಸ್ಸಿನಲ್ಲೇ ಒಂದು ಸೇರಿಸಿಕೊಳ್ಳುತ್ತಾನೆ. ನಾಲ್ಕು ತಿಂಗಳಿಂದ ಜುಂಜಯ್ಯ ಬಿಡುತ್ತಲೇ ಇದ್ದ. ಸೇರಿಸಿಕೊಳ್ಳಬೇಕಾದವರಿಗೆ ಅದು ಗೊತ್ತಿರಲಿಲ್ಲ.

“ಲೇ ಮಾರಾಯ, ಇವು ಕ್ಯಾನ್ಸರಿನವು ಕಣೋ! ದೃಷ್ಟಿ ಆದ್ರೆ ಒಳ್ಳೇದೇ ಅಲ್ಲೇನೋ?”

“ಹೊತ್ತೊತ್ತಿಗೆ ಮೇವು ಹಾಕಿ, ಬೆಚ್ಚಗಿಟ್ಟು ಸಾಕ್ತಿರೋರು ನೀವೇ ಅಲ್ಲೇನ್ರಿ? ಸಾಕಿದ್ದು ಸಾಕಿದ್ದೇ.”

ಮೇಡಂ ಮುಖದಲ್ಲಿ ನಗು ಹುಟ್ಟಿ ಅಲ್ಲೇ ಆರಿತು. ಮೂರಕ್ಕೆ ಒಂದು ಎಂದದ್ದು ನಾಲ್ಕಕ್ಕೆ ಎರಡಾದರೆ, ಉಳಿದದ್ದು ಮೂರರಲ್ಲೊಂದು ಪಾಲಲ್ಲ, ಅರ್ಧ. ಕಿಣ್ವದ ಪ್ರತಾಪ ಅಷ್ಟು ಇಳಿಯಿತು.

“ಎಲ್ಲಕ್ಕೂ ಒಂದೊಂದು ಕೂಡಿಸಿದರಾಯ್ತಲ್ಲ,” ಎಂದೆ ನಾನು. ಇನ್ನೊಂದು ಸಲ ಹನ್ನೆರಡು ಪುಟ ಬಡಿಯುವ ಬೆರಳುಗಳು ನನ್ನವು.

“ಆಗಲ್ಲ ಕಣವ್ವ. ಒಂದಿದ್ದ ಚೌಕಕ್ಕೂ ಇಲ್ಲ ಅಂದೀನಿ, ಏನೂ ಇಲ್ಲದ್ದಕ್ಕೂ ಇಲ್ಲ ಅಂದೀನಿ.”

ಮೇಡಂ ಪುಟಗಳನ್ನು ಮುಂದಿಟ್ಟುಕೊಂಡು ಕುಳಿತರು. ಲಕೋಟೆ ಸಿದ್ಧವಿತ್ತು. ವಿಷಯ ಗೊತ್ತಿದ್ದವರು ನಾವು ಮೂವರೇ. ಕಿಟಕಿಯಾಚೆ ಹುಡುಗರ ವಾಲಿಬಾಲು ಸದ್ದು. ಕೊನೆಗೆ ಅವರು ಪುಟಗಳನ್ನು ಅಡ್ಡ ಹರಿದು, “ಬಿಲ್ಲೆ ತೆಗಿಯಪ್ಪ, ಮೊದಲಿಂದ,” ಎಂದರು.

ಜುಂಜಯ್ಯ ಕುಳಿತ, ನೋಡಿದ. ಬಾಯಿ ಮಾತ್ರ ಏಳಲಿಲ್ಲ. ತುಟಿ ಅಲುಗುತ್ತಿತ್ತು, ಪೂರ್ತಿ ಲೆಕ್ಕ ಹೊರಗೆ ಬರುತ್ತಿರಲಿಲ್ಲ. ಮೇಡಂ ಮನೆಗೆ ಹೋಗಿ ಒಂದು ಬಟ್ಟಲು ಹುಣಸೆಬೀಜ ತಂದರು.

“ನೀನು ಬಾಯಿ ಬಿಡಬ್ಯಾಡ. ಕಂಡಷ್ಟು ಬೀಜ ತಟ್ಟೆಗೆ ಹಾಕು. ಎಣಿಸೋ ಪಾಪ ನಂದು.”

ಒಂಬತ್ತು ದಿನ ಬೀಜ ಬಿದ್ದವು. ಫಲ ಅರ್ಧವೆಂದೇ ಬಂತು. ನಾನು ಮತ್ತೆ ಟೈಪ್ ಮಾಡಿದೆ. ಆಡಳಿತದವರು ಓದಿ, ಮೂರು ವರ್ಷದ ಮಾತೆತ್ತದೆ, ಒಂದು ವರ್ಷ ಕೋಣೆ ಇಟ್ಟುಕೊಳ್ಳಿ ಎಂದರು.

ಆಡಳಿತದವರ ಪತ್ರವನ್ನು ಮೇಡಂ ಓದಿ ಹೇಳಿದ ದಿನ ಜುಂಜಯ್ಯ ತೊಟ್ಟಿಯಲ್ಲಿ ಗಾಜು ತೊಳೆಯುತ್ತಿದ್ದ.

“ನಾನು ಸುಮ್ನೆ ಇರಬೇಕಿತ್ತೇನ್ರಿ ಅಮ್ಮಾರೆ?”

ಉಚ್ಚಂಗಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನ ಪಕ್ಕಕ್ಕೆ ಬಂದು ನಿಂತು, ತೊಳೆದ ಗಾಜಿಗೆ ಕೈ ಚಾಚಿದರು.

“ಒಂದೇ ವರ್ಷ ಐತೆ. ಕೊಡು ಇತ್ತ, ನಾನು ಒರೆಸ್ತೀನಿ.”