ಗಿಡಕ್ಕೆ ಹುಯ್ದ ಹಾಲು

ಟವೆಲ್ ಮುಸುಕು ಹಾಕ್ಕೊಂಡು ಬಿಸಿನೀರಿನ ಪಾತ್ರೆ ಮೇಲೆ ಬಗ್ಗಿದ್ರೆ ಒಳಗಡೆ ಒಂದು ಚಿಕ್ಕ ಲೋಕ ಸಿಗುತ್ತೆ, ನೋಡಿದೀರಾ? ಹೊರಗೆ ಬೇಲೂರಿನ ಆಟೋ ಸದ್ದು, ಅತ್ತೆಯ ಕುಕ್ಕರ್ ಸೀಟಿ ಎಲ್ಲ ಇರುತ್ತೆ, ಆದ್ರೆ ಬೇರೆ ಯಾರದೋ ಮನೇದು ಅನ್ನೋ ಹಾಗೆ ದೂರದಲ್ಲಿ. ಒಳಗೆ ಬರೀ ಹಬೆ, ನೀಲಗಿರಿ ಎಣ್ಣೆ ವಾಸನೆ, ಸುರಿಯೋ ಮೂಗು. ಮೊನ್ನೆ ಮಧ್ಯಾಹ್ನ ನಾನು ಹಾಗೆ ಕೂತಿದ್ದೆ. ನಾಲ್ಕು ತಿಂಗಳ ಮಗಳು ಪಕ್ಕದ ರೂಮಲ್ಲಿ ಮಲಗಿದ್ಲು. ಎಣ್ಣೆ ಒಂದು ತೊಟ್ಟು ಜಾಸ್ತಿ ಬಿದ್ದಿತ್ತೋ ಏನೋ, ಕಣ್ಣು ಉರೀತು, ಮುಚ್ಚಿದೆ. ಮುಚ್ಚಿದ್ದೇ ತಡ, ಹಳೇಬೀಡಿನ ನಮ್ಮನೆ ಹಿಂದಿನ ಕೋಣೆಯಲ್ಲಿದ್ದೆ.

ಸ್ವಲ್ಪ ಸುತ್ತು ಹಾಕ್ಕೊಂಡು ಹೇಳ್ತೀನಿ, ಪರವಾಗಿಲ್ಲ ತಾನೆ? ನನಗೆ ನೇರ ಹೇಳೋಕೆ ಬರಲ್ಲ.

ಏಳೆಂಟು ವರ್ಷದ ಹಿಂದಿನ ಮಾತು. ಅಕ್ಕ ಅರಸೀಕೆರೆಯಿಂದ ಬಾಣಂತನಕ್ಕೆ ಬಂದಿದ್ಲು. ಭಾವನಿಗೆ ಅಲ್ಲಿ ಕೆಲಸ, ವಾರಕ್ಕೊಂದು ಸಲ ಬಂದು ಮಗನ ಮುಖ ನೋಡ್ಕೊಂಡು ಹೋಗೋರು. ಮಗನಿಗೆ ಆಗ ಎರಡು ತಿಂಗಳು. ಹೆಸರಿಟ್ಟಿದ್ರೂ ಎಲ್ಲರಿಗೂ ಅವನು ಪುಟ್ಟನೇ. ನಾವು ಜೈನರು, ಮನೇಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಬೆಳ್ಳುಳ್ಳಿ ತಿನ್ನದ ಬಾಣಂತಿಗೆ ಹಾಲು ಹೆಂಗೆ ಬರುತ್ತೆ ಅಂತ ಬೀದಿಯವರೆಲ್ಲ ಅಜ್ಜಿಯನ್ನ ಕೇಳೋರು. ಅಜ್ಜಿ ಸಬ್ಬಸಿಗೆ ಸೊಪ್ಪು, ಮೆಂತ್ಯ, ಒಣಶುಂಠಿ ಇಷ್ಟರಲ್ಲೇ ಬಾಣಂತನ ನಡೆಸ್ತಿದ್ಲು, ಹಾಲೂ ಧಾರಾಳವಾಗಿ ಬರ್ತಿತ್ತು. ಸೊಪ್ಪಿಗೆ ಬಂತೋ, ಪುಟ್ಟ ಬಿಡದೆ ಚೀಪ್ತಿದ್ದಕ್ಕೆ ಬಂತೋ? ಈಗ ಕೇಳಿದ್ರೆ ಎರಡನೇದು ಅಂತೀನಿ. ಆಗ ಅಜ್ಜಿ ಎದುರು ಹಾಗೆ ಅಂದಿದ್ರೆ ನನಗೆ ಊಟ ಇರ್ತಿರಲಿಲ್ಲ.

ನಾನು ಆಗ ಡಿಗ್ರಿ ಓದ್ತಿದ್ದೆ, ಆದ್ರೆ ಪುಟ್ಟ ಹುಟ್ಟಿದಾಗಿಂದ ಕಾಲೇಜು ಓದು ಬಿಟ್ಟು ಬರೀ ಮಕ್ಕಳ ಆರೈಕೆ ಓದು. ಫೋನಲ್ಲಿ ಸಿಕ್ಕಿದ್ದೆಲ್ಲ ಓದಿ ಒಂದು ನೋಟ್‌ಬುಕ್ಕಲ್ಲಿ ಬರೆದುಕೊಳ್ಳೋದು, ಬಣ್ಣದ ಪೆನ್ನಲ್ಲಿ ಗೆರೆ ಎಳೆಯೋದು. ಯಾರೂ ಕೇಳದೆ ಇದ್ರೂ ಉತ್ತರ ಹೇಳೋದು. ಅಕ್ಕ ನನ್ನನ್ನ ಡಾಕ್ಟ್ರಮ್ಮ ಅಂತಿದ್ಲು. ತಮಾಷೆಗೆ ಅಂತಿದ್ದದ್ದು, ನಾನು ಮಾತ್ರ ನಿಜ ಅಂದ್ಕೊಂಡಿದ್ದೆ.

ಆ ಚಳಿಯಲ್ಲಿ ಅಕ್ಕನಿಗೆ ಫ್ಲೂ ಬಂತು. ಜ್ವರ, ಮೈಕೈ ನೋವು, ಎದೆ ಹಿಡಿದು ಬರೋ ಕೆಮ್ಮು. ನಾನು ಫೋನ್ ತೆಗೆದು ನೋಡ್ದೆ. ಸೋಂಕು ಇರೋರನ್ನ ಬೇರೆ ಇಡಬೇಕು ಅಂತ ಎಲ್ಲೋ ಇತ್ತು. ಅದು ಯಾರ ಬಗ್ಗೆ ಬರೆದದ್ದು, ಅದರ ಕೆಳಗೆ ಇನ್ನೇನಿತ್ತು, ಓದೋಷ್ಟು ತಾಳ್ಮೆ ಯಾರಿಗಿತ್ತು? ಓದಿದ್ದು ಅರ್ಧ, ಅಪ್ಪಣೆ ಮಾತ್ರ ಪೂರ್ತಿ. ಪುಟ್ಟ ಅಕ್ಕ ಇದ್ದ ಹಿಂದಿನ ಕೋಣೆಗೆ ಹೋಗೋ ಹಾಗಿಲ್ಲ, ಅಕ್ಕನ ಹಾಲು ಕೊಡೋ ಹಾಗಿಲ್ಲ, ಪೌಡರ್ ಹಾಲು ತರಿಸಿ. ಅಮ್ಮ ಹೆದರಿ ಒಪ್ಪಿಕೊಂಡ್ಲು. ಭಾವ ಫೋನಲ್ಲಿ, ಓದಿದ ಹುಡುಗಿ ಹೇಳ್ತಿದ್ದಾಳೆ ಅಂದ್ರು.

ಅಜ್ಜಿ ಒಬ್ಬಳೇ ಒಪ್ಪಲಿಲ್ಲ. ನನ್ನ ಮೈ ಜ್ವರದಲ್ಲಿ ಸುಡ್ತಿದ್ದಾಗ್ಲೂ ನಿಮ್ಮಪ್ಪನಿಗೆ ಹಾಲು ಕೊಟ್ಟಿದೀನಿ, ಸೆರಗು ಮೂಗಿಗೆ ಕಟ್ಕೊಂಡು ಕೊಟ್ಟಿದೀನಿ, ಏನೂ ಆಗ್ಲಿಲ್ಲ ಅಂದ್ಲು. ನಾನು ನಕ್ಕೆ. ಕಣ್ಣಿಗೆ ಕಾಣದ ಜೀವಿಗಳಿರ್ತವೆ ಅಜ್ಜಿ, ನಿಂಗೆ ಗೊತ್ತಾಗಲ್ಲ ಅಂದೆ. ಇದನ್ನ ನಾನು ಹೇಳಿದ್ದು ಯಾರಿಗೆ ಗೊತ್ತಾ? ಕಣ್ಣಿಗೆ ಕಾಣದ ಜೀವಕ್ಕೆ ತೊಂದರೆ ಆಗಬಾರದು ಅಂತ ಹುಟ್ಟಿದಾಗಿಂದ ನೀರನ್ನ ಬಟ್ಟೆಯಲ್ಲಿ ಸೋಸಿ ಕುಡಿದವಳಿಗೆ. ಅಜ್ಜಿ ನನ್ನ ಮುಖ ನೋಡಿದ್ಲು, ಕೊಡ ಎತ್ಕೊಂಡು ಒಳಗೆ ಹೋದ್ಲು.

ಹಾಲು ಎದೇಲಿ ಕಟ್ಟಬಾರದಲ್ಲ, ಅಕ್ಕ ಹಿಂಡಿ ಒಂದು ಸ್ಟೀಲ್ ಲೋಟದಲ್ಲಿ ಬಾಗಿಲ ಹೊರಗೆ ಇಡೋಳು. ತಾಯಿ ಹಾಲು ತುಳಿಯೋ ಜಾಗದಲ್ಲಿ ಬೀಳಬಾರದು ಅನ್ನೋದು ನಮ್ಮಲ್ಲಿ ಪದ್ಧತಿ, ಗಿಡದ ಬುಡಕ್ಕೆ ಹುಯ್ಯಬೇಕು. ಆ ಕೆಲಸ ನಂದು. ಹಿತ್ತಲ ದಾಸವಾಳದ ಬುಡಕ್ಕೆ ನಿಧಾನ ಹುಯ್ತಿದ್ದೆ. ಮಂಜು ಆಗ ತಾನೇ ಕರಗ್ತಿರೋದು, ಎಳೆ ಬಿಸಿಲು, ಬಿಳೀ ಹಾಲು ಕೆಂಪು ಮಣ್ಣಲ್ಲಿ ಇಳಿದು ಹೋಗೋದು ನೋಡ್ತಾ ನಿಂತುಬಿಡ್ತಿದ್ದೆ. ಏನೋ ಪುಣ್ಯದ ಕೆಲಸ ಮಾಡ್ತಿದೀನಿ ಅನ್ನೋ ಭಾವ. ಆ ಬಿಸಿಲು ಈಗಲೂ ಕನಸಲ್ಲಿ ಬರುತ್ತೆ.

ಪುಟ್ಟ ಬಾಟಲಿಯನ್ನ ನಾಲಿಗೆಯಿಂದ ತಳ್ಳೋನು. ಹಸಿದು ಅಳೋನು, ಅತ್ತು ಸುಸ್ತಾಗಿ ನಾಲ್ಕು ಗುಟುಕು ಕುಡಿಯೋನು, ಮತ್ತೆ ಅಳೋನು. ಅವನು ಅತ್ತಾಗೆಲ್ಲ ಗೋಡೆ ಆಚೆ ಅಕ್ಕನ ರವಿಕೆ ಒದ್ದೆ ಆಗ್ತಿತ್ತಂತೆ. ಎರಡನೇ ದಿನ ಬಾಗಿಲ ಸಂದಿಯಿಂದ ಕರೆದ್ಲು.

"ಒಂದೇ ಒಂದ್ಸಲ ಕೊಡ್ತೀನಿ ಕಣೇ. ಮುಖ ಆಚೆ ತಿರುಗಿಸ್ಕೊಂಡು ಕೊಡ್ತೀನಿ, ಅವನ ಕಡೆ ನೋಡೋದೂ ಇಲ್ಲ."

ನಾನು ಆಗಲ್ಲ ಅಂದೆ. ಬಾಗಿಲು ನಾನೇ ಹಾಕಿದೆ.

ಮೂರು ದಿನ ಹೀಗೆ ಹೋಯ್ತು. ನಾಲ್ಕನೇ ದಿನ ಬೆಳಿಗ್ಗೆ ನರ್ಸಮ್ಮ ಬಂದ್ರು, ಅರೇಹಳ್ಳಿ ಕಡೆಯವರು, ಪುಟ್ಟನ ಲಸಿಕೆ ದಿನ ನೆನಪಿಸೋಕೆ ಅಂತ. ಅಷ್ಟೊತ್ತಿಗೆ ಅಕ್ಕನ ಜ್ವರ ಇಳಿದಿತ್ತು, ಆದ್ರೆ ಎಡಗಡೆ ಎದೆ ಕಲ್ಲಾಗಿತ್ತು, ಲೋಟಕ್ಕೆ ಬರೋ ಹಾಲು ತಳ ಮುಚ್ಚೋದೂ ಕಷ್ಟ ಆಗಿತ್ತು. ಪುಟ್ಟನನ್ನ ಎದೆ ಹತ್ರ ಹಿಡಿದ್ರೆ ಮುಖ ತಿರುಗಿಸಿದ. ಅಕ್ಕ ಅಳಲಿಲ್ಲ. ಗೋಡೆ ನೋಡ್ತಾ ಕೂತ್ಲು. ಕೊಡಬೇಡ ಅಂದೋರು ಯಾರು ಅಂತ ನರ್ಸಮ್ಮ ಕೇಳಿದ್ರು. ಎಲ್ಲರ ಕಣ್ಣೂ ನನ್ನ ಕಡೆ. ಹಿಂಡಿದ ಹಾಲನ್ನ ಗಿಡಕ್ಕೆ ಹುಯ್ದದ್ದನ್ನ ಅಮ್ಮ ಹೇಳಿದ್ಲು.

ಅವರು ಬೈಯಲಿಲ್ಲ. ಕೂರಿಸಿಕೊಂಡು ಹೇಳಿದ್ರು. ನೆಗಡಿ, ಫ್ಲೂ ಹಾಲಿನಲ್ಲಿ ಕೂಸಿಗೆ ಹೋಗಲ್ಲ. ಕೆಮ್ಮಿದಾಗ ಸಿಡಿಯೋ ಹನಿಯಲ್ಲಿ, ತೊಳೆಯದ ಕೈಯಲ್ಲಿ ಹೋಗುತ್ತೆ. ಸೋಪು ಹಾಕಿ ಕೈ ತೊಳ್ಕೊಂಡು, ಮೂಗು ಬಾಯಿ ಮುಚ್ಕೊಂಡು ಹಾಲು ಕೊಡಬೇಕು. ಕೂರೋಕೂ ಆಗದಷ್ಟು ಸುಸ್ತಾದ್ರೆ ಶುಚಿಯಾಗಿ ಹಿಂಡಿಕೊಟ್ರೆ ಸಾಕು, ಚೆನ್ನಾಗಿರೋರು ಯಾರಾದ್ರೂ ಒಳಲೆಯಲ್ಲೋ ಚಮಚದಲ್ಲೋ ಕುಡಿಸಬಹುದು. ಮೂಗು ಕಟ್ಟಿದೆ ಅಂತ ಮೆಡಿಕಲ್ಲಲ್ಲಿ ಸುಮ್ನೆ ಮಾತ್ರೆ ತಗೋಬೇಡಿ, ಕೆಲವು ಹಾಲು ಕಮ್ಮಿ ಮಾಡ್ತವೆ, ಡಾಕ್ಟರನ್ನ ಕೇಳಿ. ಕೂಸಿಗೇ ಜ್ವರ ಬಂದ್ರೆ, ಹಾಲು ಬಿಟ್ರೆ, ಉಸಿರು ಜೋರಾದ್ರೆ ಮಾತ್ರ ಒಂದು ಗಳಿಗೆನೂ ಕಾಯಬೇಡಿ. ಆಮೇಲೆ ನನ್ನ ಕಡೆ ತಿರುಗಿದ್ರು.

"ಜ್ವರದ ಜೊತೆ ಹೋರಾಡೋಕೆ ತಾಯಿ ಮೈಯಲ್ಲಿ ಏನು ತಯಾರಾಗುತ್ತೋ ಅದು ಹಾಲಲ್ಲೂ ಬರುತ್ತಮ್ಮ. ನೀನು ಗಿಡಕ್ಕೆ ಹುಯ್ದದ್ದು ಅದನ್ನೇ."

ಅಕ್ಕನನ್ನ ಅವತ್ತೇ ಡಾಕ್ಟರಿಗೆ ತೋರಿಸಿ ಬಂದ್ವಿ. ಆಮೇಲೆ ಸುಮಾರು ಹದಿನೈದು ದಿನ ಆ ಹಿಂದಿನ ಕೋಣೆಯಲ್ಲಿ ಕಾಲವೇ ನಿಂತಿತ್ತು. ಅಕ್ಕ ಪುಟ್ಟನನ್ನ ಬರೀ ಎದೆ ಮೇಲೆ ಮಲಗಿಸ್ಕೊಂಡು, ಮೇಲೊಂದು ಹಳೇ ಸೀರೆ ಹೊದ್ದು, ದಿನವೆಲ್ಲ ಒರಗಿರೋಳು. ಹೆಂಚಿನ ನಡುವಿನ ಗಾಜಿನಿಂದ ಬಿಸಿಲು ನೆಲದ ಮೇಲೆ ಸರಿಯೋದು. ಅವನು ನಿದ್ದೆಗಣ್ಣಲ್ಲಿ ಹುಡುಕೋನು, ಬಾಯಿ ಹಾಕೋನು, ಬಿಡೋನು, ಮತ್ತೆ ಹುಡುಕೋನು. ಅಜ್ಜಿ ನೋವಿಗೆ ಒದ್ದೆ ಬಟ್ಟೆ ಇಟ್ಟು ತೆಗೆಯೋಳು. ಹಾಲು ಬಂತು. ಬಲಗಡೆ ಮೊದಲಿನ ಹಾಗೇ ಬಂತು, ಎಡಗಡೆ ಕೊನೆಗೂ ಪೂರ್ತಿ ಬರಲಿಲ್ಲ. ಪುಟ್ಟ ಈಗ ಶಾಲೆಗೆ ಹೋಗ್ತಾನೆ, ಚೆನ್ನಾಗಿದಾನೆ. ಅಕ್ಕ ಮಾತ್ರ ಆವತ್ತಿಂದ ನನ್ನನ್ನ ಹೆಸರು ಹಿಡಿದೇ ಕರೀತಾಳೆ.

ಇಲ್ಲೀವರೆಗಿನ ಕಥೆ ನಮ್ಮನೆಯವರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಮೂರನೇ ದಿನ ಮಧ್ಯಾಹ್ನ ಪುಟ್ಟನ ಅಳು ತಡೆಯೋಕಾಗದೆ ನಾನು ಫೋನಲ್ಲಿದ್ದ ಆ ಬರಹ ಮತ್ತೆ ತೆಗೆದು ಕೆಳಗಿನವರೆಗೂ ಓದಿದ್ದೆ. ಹಾಲು ನಿಲ್ಲಿಸಬೇಡಿ ಅಂತ ಅಲ್ಲೇ ಇತ್ತು. ಮೂರು ದಿನ ಎಲ್ಲರಿಗೂ ಪಾಠ ಹೇಳಿ ಈಗ ತಪ್ಪು ಅನ್ನೋದು ಹೆಂಗೆ ಅಂತ ಸುಮ್ನಾದೆ. ಓದಿ ಆದಮೇಲೂ ಎರಡು ಲೋಟ ಹುಯ್ದು ಬಂದೆ.

ನಮ್ಮಲ್ಲಿ ಕ್ಷಮಾವಣಿ ಅಂತ ಒಂದು ದಿನ ಇದೆ. ತಿಳಿದೋ ತಿಳಿಯದೆಯೋ ಮಾಡಿದ ತಪ್ಪು ಕ್ಷಮಿಸಿ ಅಂತ ಎಲ್ಲರೂ ಎಲ್ಲರಿಗೂ ಕೈ ಮುಗೀತೀವಿ. ಪ್ರತಿ ವರ್ಷ ಅಕ್ಕನಿಗೂ ಹೇಳಿದೀನಿ. ಆ ಸಾಲು ಎಷ್ಟು ಅನುಕೂಲ ನೋಡಿ, ಯಾವ ತಪ್ಪು ಅಂತ ಯಾರೂ ಕೇಳಲ್ಲ.

ಹೋದ ವಾರ ಮಗಳಿಗೆ ಲಸಿಕೆ ಹಾಕಿಸಿದ್ವಿ. ಇಲ್ಲಿನ ನರ್ಸು, ಹಾಲು ಕುಡಿಸ್ತಾ ಇರಿ ನಾನು ಚುಚ್ತೀನಿ ಅಂದ್ರು. ಒಂದು ಅರ್ಧ ಅಳು ಅತ್ತು ಮತ್ತೆ ಕುಡಿಯೋಕೆ ಶುರು ಮಾಡಿದ್ಲು. ನಾನೂ ಡಾಕ್ಟರನ್ನ ಕೇಳಿ ಫ್ಲೂ ಲಸಿಕೆ ಹಾಕಿಸ್ಕೊಂಡೆ, ಅದಕ್ಕೂ ಹಾಲು ನಿಲ್ಲಿಸೋದೇನಿಲ್ಲ ಅಂದ್ರು. ಇಷ್ಟೆಲ್ಲ ತಿಳಿದಿದ್ರೂ ಮೊನ್ನೆ ಟವೆಲ್ ಒಳಗಿದ್ದಾಗ ಮಗಳು ಎದ್ದು ಅತ್ಲು ನೋಡಿ, ಕೈ ತೊಳೆದೆ, ಮಾಸ್ಕ್ ಹಾಕಿದೆ, ಎತ್ತಿಕೊಳ್ಳೋಕೆ ಮಾತ್ರ ಕೈ ಬರಲಿಲ್ಲ. ಫೋನ್ ತಗೊಂಡು ಅಕ್ಕನಿಗೆ ಮಾಡಿದೆ. ಮೂರನೇ ದಿನದ್ದು ಹೇಳಿಬಿಟ್ಟೆ, ಎರಡು ಲೋಟದ್ದೂ.

ಆ ಕಡೆಯಿಂದ ಫೋನ್ ಕಟ್ಟಾಯ್ತು.

ನಾನು ತೊಟ್ಟಿಲ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಮಗಳ ಅಳು ಏರ್ತಾ ಇತ್ತು. ಎರಡು ನಿಮಿಷಕ್ಕೆ ಅಕ್ಕನೇ ಮಾಡಿದ್ಲು.

"ಅದು ಯಾಕೆ ಹಂಗೆ ಅಳ್ತಿದೆ? ಹಾಲು ಕೊಟ್ಯಾ?"

"ಇಲ್ಲ ಅಕ್ಕ."

"ಮೊದ್ಲು ಕೊಡು. ನಿನ್ನನ್ನ ಬೈಯೋದಿದೆ, ಆಮೇಲೆ ಬೈತೀನಿ."

ಎತ್ತಿಕೊಂಡೆ. ಫೋನ್ ಹಾಸಿಗೆ ಮೇಲಿತ್ತು, ಅವಳು ಇಟ್ಟಿರಲಿಲ್ಲ. ಮಗಳು ಗುಟುಕು ಗುಟುಕಾಗಿ ಕುಡಿಯೋ ಸದ್ದು ಅರಸೀಕೆರೆವರೆಗೂ ಕೇಳಿಸ್ತಿತ್ತೋ ಏನೋ, ಅಕ್ಕ ಪೂರ್ತಿ ಮುಗಿಯೋವರೆಗೂ ಕೇಳ್ತಾ ಇದ್ಲು. ಬೈಗುಳ ಇನ್ನೂ ಬಂದಿಲ್ಲ. ಭಾನುವಾರ ಅವಳೇ ಇಲ್ಲಿಗೆ ಬರ್ತಾಳಂತೆ. ಕಾಯ್ತಾ ಇದೀನಿ.